ಅಡುಗೆಮನೆಯ ಆಮಿಕ್ಷೆ

ಕಾಯ್ದ ಹಾಲಿಗೆ ಮೊಸರನ್ನು ಹೊಯ್ದಾಗ ಗಟ್ಟಿಗೊಂಡು ನಿಲ್ಲುವ ಭಾಗಕ್ಕೆ ಆಮಿಕ್ಷೆಯೆಂದೂ, ಅದರಿಂದ ಬೇರ್ಪಟ್ಟು ಇಳಿಯುವ ನೀರಿಗೆ ವಾಜಿನವೆಂದೂ ವೈದಿಕರು ಹೆಸರಿಟ್ಟಿದ್ದರು. ಇವೆರಡರಲ್ಲಿ ಯಾವುದರ ಸಲುವಾಗಿ ಮೊಸರನ್ನು ಹೊಯ್ದದ್ದು ಎಂಬ ಪ್ರಶ್ನೆಯನ್ನೆತ್ತಿದ ಮೀಮಾಂಸಕರು, ಆಮಿಕ್ಷೆಯ ಸಲುವಾಗಿಯೇ, ವಾಜಿನವು ಜೊತೆಗೆ ತಾನಾಗಿ ಒದಗಿದ್ದು ಎಂದು ತೀರ್ಪಿತ್ತರು. ಮನೆಯಲ್ಲಿ ಚೀಸ್ ಮಾಡಹೊರಟವರಿಗೆ ಈ ಚರ್ಚೆಯ ಗಹನತೆ ಮೊದಲ ದಿನವೇ ಅರಿವಾಗುತ್ತದೆ. ಏಕೆಂದರೆ 10 ಲೀಟರು ಹಸುವಿನ ಹಾಲಿನಿಂದ ಕೈಗೆ ದಕ್ಕುವ ಗಟ್ಟಿ ಚೀಸ್ ಹೆಚ್ಚುಕಡಿಮೆ 1 ಕಿಲೊ, ಮಿಕ್ಕದ್ದೆಲ್ಲ ವಾಜಿನ.

ಚೀಸಿಗೆ ಕನ್ನಡದಲ್ಲಿ ಗಿಣ್ಣು ಎಂದು ಬರೆಯುವುದುಂಟು, ನನಗದು ಸಮ್ಮತವಲ್ಲ. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣು ಕಾವಿನಿಂದಲೇ ಗಟ್ಟಿಯಾಗುವಂಥದು, ಪನೀರಾದರೋ ಹುಳಿಯಿಂದ ಒಡೆದದ್ದು, ಇವೆರಡನ್ನೂ ಬೇಗನೆ ತಿಂದು ಮುಗಿಸತಕ್ಕದ್ದು. ಮಾಗಿಸುವ ಚೀಸಿನ ಜಾತಿಯೇ ಬೇರೆ. ಅದಕ್ಕೆ ಮೊಸರಿನ ಹೆಪ್ಪಿಗೆ ಬಂಧುವಾದ ಜೀವಾಣುಗಳೂ ಬೇಕು, ರೆನೆಟ್ ಎಂಬ ಕಿಣ್ವವೂ ಬೇಕು. ಆ ಕಿಣ್ವವನ್ನು ಹಿಂದೆ ಎಳಗರುವಿನ ನಾಲ್ಕನೆಯ ಜಠರದಿಂದ ತೆಗೆಯುತ್ತಿದ್ದರೆಂಬ ಮಾತು ಕೇಳಿಯೇ ನಮ್ಮ ಅನೇಕ ಮನೆಗಳು ಈ ವಿದ್ಯೆಗೆ ಬಾಗಿಲು ಮುಚ್ಚಿದವು. ಆದರೆ ಪೋರ್ಚುಗಲ್ಲಿನ ಸೆರ್ರಾ ದ ಎಸ್ಟ್ರೆಲಾ ಪರ್ವತದ ಕುರಿಗಾಹಿಗಳು ಮುಳ್ಳುಗಿಡವೊಂದರ ಹೂವಿನಿಂದಲೇ ಹಾಲನ್ನು ಹೆಪ್ಪುಗಟ್ಟಿಸುತ್ತಾರೆ; ಇತ್ತ ನಮ್ಮ ದೇಶದ ವಾಯವ್ಯ ಭಾಗದಲ್ಲಿ ಪನೀರ್ ದೋಡಿ ಎಂಬ ಗಿಡದ ಕಾಯಿಗೂ ಅದೇ ಗುಣವುಂಟು. ಈಗಂತೂ ಶಿಲೀಂಧ್ರಜನ್ಯ ರೆನೆಟ್ಟು ಗುಳಿಗೆಯಾಗಿ ದೊರೆಯುವುದರಿಂದ ಆ ಸಂಕೋಚಕ್ಕೆ ಕಾರಣವುಳಿದಿಲ್ಲ.

ಚೆಡ್ಡರ್ ಮಾಡುವ ಬಗೆಯನ್ನು ನೋಡಿ. ಹಾಲನ್ನು ಸುಮಾರು 31 ಡಿಗ್ರಿಗೆ ತಂದು ಹೆಪ್ಪು ಬೆರೆಸಿ, ಅದು ತುಸು ಹುಳಿಯೇರುವವರೆಗೆ ಕಾದು, ರೆನೆಟ್ ಹಾಕಿ ಮುಕ್ಕಾಲು ಗಂಟೆ ಅಲುಗಿಸದೆ ಬಿಟ್ಟು, ಅನಂತರ ಬೆರಳನ್ನು ಓರೆಯಾಗಿ ಹೊಗಿಸಿ ಎತ್ತಿದಾಗ ಗಡ್ಡೆಯು ಅಂಚು ಚದರದಂತೆ ಸೀಳಿ, ಸೀಳಿನಲ್ಲಿ ತಿಳಿನೀರು ಒಸರಿದರೆ ಹದ ಬಂದಿತೆಂದರ್ಥ. ಆಮೇಲೆ ಅದನ್ನು ಕಡಲೆಬೀಜದ ಗಾತ್ರಕ್ಕೆ ಕೊಯ್ದು, ಮೆಲ್ಲಮೆಲ್ಲನೆ 39 ಡಿಗ್ರಿಗೆ ಏರಿಸುತ್ತ ಕೈಯಾಡಿಸಿ, ನೀರು ಬಸಿದು, ಹಲಗೆಗಳಂತೆ ಕತ್ತರಿಸಿ ಒಂದರ ಮೇಲೊಂದು ಪೇರಿಸಿ ಆಗಾಗ ಮಗುಚಿ, ಚೂರುಮಾಡಿ ಉಪ್ಪು ಬೆರೆಸಿ ಒತ್ತಿಗೆ ಇಡಬೇಕು. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಒಕ್ಕಲಗಿತ್ತಿಯರು ಇದನ್ನೆಲ್ಲ ಕೈಯಂದಾಜಿನಲ್ಲಿಯೇ ನಡೆಸುತ್ತಿದ್ದ ಕಾಲದಲ್ಲಿ, 19ನೆಯ ಶತಮಾನದ ಜೋಸೆಫ್ ಹಾರ್ಡಿಂಗ್ ಎಂಬವನು ಶುಚಿತ್ವ ಹಾಗೂ ಅಳತೆಗಳ ಕಟ್ಟುಪಾಡನ್ನು ತಂದನು. ಎರಡನೆಯ ಮಹಾಯುದ್ಧದಲ್ಲಿ ಸರಕಾರವು ಚೀಸಿಗೆ ಬಳಸುವ ಹಾಲಿನ ಬಹುಪಾಲನ್ನು ಒಂದೇ ಮಾದರಿಯ ಚೆಡ್ಡರಿಗೆ ತಿರುಗಿಸಿದಾಗ ಒಕ್ಕಲುಮನೆಗಳ ಚೀಸು ಬಹುಮಟ್ಟಿಗೆ ಅಳಿದುಹೋಯಿತು. ಅಳತೆಯು ಪುಸ್ತಕದಲ್ಲಿ ಉಳಿಯಬಲ್ಲುದು; ಹದವು ಕೈಯೊಡನೆಯೇ ಹೋಗುತ್ತದೆ.

ಈ ಹದವನ್ನು ಹುಡುಕಿ ನಾನು ಕೆಟ್ಟದ್ದು ಕಡಮೆಯಿಲ್ಲ. ಮೊದಲ ಸಲ, ತಿಂಗಳುಗಟ್ಟಲೆ ಕೆಡದೆ ಉಳಿಯುವ ಡಬ್ಬಿಯ ಹಾಲನ್ನು ಪಾತ್ರೆಗೆ ಸುರಿದು ಎರಡು ಗಂಟೆ ಕಾದೆ. ಹಾಲು ಹಾಲಾಗಿಯೇ ಉಳಿಯಿತು. 135 ಡಿಗ್ರಿಗೆ ಮಿಕ್ಕ ಕಾವನ್ನುಂಡ ಹಾಲಿನಲ್ಲಿ ಇತರ ಪ್ರೋಟೀನುಗಳು ಕೇಸೀನಿಗೆ ಅಂಟಿಕೊಂಡು ರೆನೆಟ್ಟಿಗೆ ಎಡೆಗೊಡವೆಂಬುದನ್ನು ತಿಳಿದದ್ದು ಆಮೇಲೆ. ಎರಡನೆಯ ಸಲ ಒತ್ತಿಗೆಂದು ರುಬ್ಬುವ ಗುಂಡನ್ನೇರಿಸಿದೆ. ಅದು ರಾತ್ರಿಯಲ್ಲಿ ವಾಲಿ, ಬೆಳಗ್ಗೆ ನೋಡಿದರೆ ಚೀಸು ಒಂದು ಬದಿಗೆ ಎರಡಂಗುಲ, ಮತ್ತೊಂದು ಬದಿಗೆ ಅರ್ಧ ಅಂಗುಲ. ಇದನ್ನು ಕಂಡು ನಕ್ಕ ನನ್ನ ಅತ್ತಿಗೆಯವರು ತಾವೇ ಕೈಹಾಕಿ, ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಹಾಲು, ಕಾವು, ಕೊನೆಗೆ ‘ಕೆಟ್ಟಿತು’ ಎಂಬುದನ್ನು ಕೂಡ ಬರೆದಿಡುತ್ತ, ನಾನು ಸೋತಲ್ಲಿಂದ ಗೆದ್ದರು. ಪೊಟ್ಟಣದ ಪಾಶ್ಚರೀಕೃತ ಹಾಲು ಸಡಿಲಾಗಿ ಹೆಪ್ಪುಗಟ್ಟಿದರೆ ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡಿನಿಂದ ಅದು ಬಿಗಿಯುವುದೆಂದು ಕಂಡುಕೊಂಡದ್ದು ಅವರೇ.

ನಮ್ಮಲ್ಲಿ ನಿಜವಾದ ಕಷ್ಟವಿರುವುದು ಮಾಗಿಸುವಲ್ಲಿ. ಚೀಸು ಬಯಸುವುದು 10ರಿಂದ 13 ಡಿಗ್ರಿಯ ತಂಪನ್ನು, ಜೊತೆಗೆ ಒದ್ದೆಗಾಳಿಯನ್ನು. ಬೆಂಗಳೂರಿನ ಕೋಣೆ ಅದಕ್ಕೆ ಬಿಸಿ, ಫ್ರಿಜ್ಜು ಅತಿ ತಂಪು, ಅತಿ ಒಣ. ಆದುದರಿಂದ ಅತ್ತಿಗೆಯವರು ಹಳೆಯ ಫ್ರಿಜ್ಜೊಂದಕ್ಕೆ ಉಷ್ಣನಿಯಂತ್ರಕವನ್ನು ಕೂಡಿಸಿ, ಒಳಗೊಂದು ಬಟ್ಟಲು ನೀರಿಟ್ಟು, ಬಟ್ಟೆ ಸುತ್ತಿ ಬೆಣ್ಣೆ ಸವರಿದ ಚೀಸನ್ನು ಮೊದಮೊದಲು ದಿನವೂ, ಬಳಿಕ ವಾರಕ್ಕೊಮ್ಮೆ, ಹಸುಗೂಸನ್ನು ಹೊರಳಿಸುವಂತೆ ಹೊರಳಿಸುತ್ತಾರೆ. ಹೆಪ್ಪನ್ನು ಇಷ್ಟು ಬಲ್ಲ ನಾವು ಅದನ್ನು ಒಂದು ರಾತ್ರಿಯಿಂದಾಚೆಗೆ ಕಾಯಲಿಲ್ಲವೆಂಬುದಕ್ಕೆ ನಮ್ಮ ಸೆಕೆಯೇ ಕಾರಣವೆಂದು ನನಗೆ ತೋರುತ್ತದೆ, ಜಾಣ್ಮೆಯ ಕೊರತೆಯಲ್ಲ.

ಕೈಹಾಕಬಯಸುವವರಿಗೆ ಎರಡು ಮಾತು. ಕೊಟ್ಟಿಗೆಯಿಂದ ನೇರವಾಗಿ ತಂದ ಹಸಿಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸದೆ ಬಳಸಕೂಡದು. ಬ್ರುಸೆಲ್ಲಾ, ಲಿಸ್ಟೀರಿಯಾಗಳಂಥ ರೋಗಾಣುಗಳು ಅದರಲ್ಲಿ ಇರಬಹುದು, ಗರ್ಭಿಣಿಯರಿಗಂತೂ ಅಪಾಯ ಹೆಚ್ಚು. ಇನ್ನು ವಾಜಿನವನ್ನು ಮೋರಿಗೆ ಚೆಲ್ಲಬೇಡಿ: ತಾಜಾ ಇರುವಾಗಲೇ ಅದನ್ನು 90 ಡಿಗ್ರಿಯ ಹತ್ತಿರಕ್ಕೆ ಕಾಯಿಸಿದರೆ ಇಟಲಿಯವರು ರಿಕೊಟ್ಟಾ ಎನ್ನುವ ಮೃದುವಾದ ಚೀಸು ಮೇಲೆ ತೇಲುತ್ತದೆ, ಉಳಿದ ನೀರಿನಲ್ಲಿ ಚಪಾತಿಯ ಹಿಟ್ಟನ್ನು ಕಲಸಿಕೊಳ್ಳಬಹುದು.