ಕೊರೆಗಿಡೋರ್‌ನ ಮಾರ್ಟರ್ ಬ್ಯಾಟರಿ: ಆಕಾಶಕ್ಕೆ ಹೊಡೆದು ಹಡಗು ಮುಳುಗಿಸುವ ಲೆಕ್ಕ

ಮಾರ್ಟರ್ ಬ್ಯಾಟರಿ ಅಂದ ಕೂಡಲೇ ಸಿವಿಲ್‌ನವರಿಗೆ ಗಾರೆ ನೆನಪಾಗುತ್ತದೆ, ಇಲೆಕ್ಟ್ರಿಕಲ್‌ನವರಿಗೆ ಸೆಲ್ಲು. ಇದು ಎರಡೂ ಅಲ್ಲ. ಇಲ್ಲಿ ಮಾರ್ಟರ್ ಅಂದ್ರೆ ಕುಟ್ಟಾಣಿಯ ಹಾಗೆ ಬಾಯಿ ಮೇಲೆ ಮಾಡಿ ಕೂರುವ ಗಿಡ್ಡ ಫಿರಂಗಿ. ಬ್ಯಾಟರಿ ಅಂದ್ರೆ ಒಟ್ಟಿಗೆ ಕೆಲಸ ಮಾಡುವ ಫಿರಂಗಿಗಳ ಗುಂಪು. ಬೆಂಜಮಿನ್ ಫ್ರಾಂಕ್ಲಿನ್ ತನ್ನ ಲೇಡನ್ ಜಾಡಿಗಳ ಸಾಲಿಗೆ ಬ್ಯಾಟರಿ ಅಂತ ಹೆಸರಿಟ್ಟಿದ್ದು ಸೈನ್ಯದ ಈ ಪದದಿಂದಲೇ.

ಯಾಕೆ ಬೇಕಾಯ್ತು?

19ನೇ ಶತಮಾನದ ಕೊನೆಗೆ ಯುದ್ಧನೌಕೆಗಳ ಪಕ್ಕಕ್ಕೆ ದಪ್ಪ ಉಕ್ಕಿನ ಕವಚ ಬಂತು. ದಡದಿಂದ ನೇರವಾಗಿ ಹೊಡೆದರೆ ಅದನ್ನು ಭೇದಿಸುವುದು ಕಷ್ಟ. ಆದರೆ ಮೇಲಿನ ಡೆಕ್‌ಗೆ ಅಷ್ಟೇ ದಪ್ಪದ ಕವಚ ಹಾಕಿದರೆ ತೂಕ ಹೆಚ್ಚಾಗಿ ಹಡಗೇ ತೇಲುವುದಿಲ್ಲ. ಹಾಗಾಗಿ ಡೆಕ್ ತೆಳ್ಳಗೇ ಉಳಿಯಿತು. ಗುಂಡು ಮೇಲಿಂದ ಬಿದ್ದರೆ ಸಾಕಲ್ವಾ? ಅಮೆರಿಕದ ಎಂಡಿಕಾಟ್ ಮಂಡಳಿ 1886ರಲ್ಲಿ ಕರಾವಳಿ ರಕ್ಷಣೆಗೆ ಸೂಚಿಸಿದ ಶಸ್ತ್ರಗಳಲ್ಲಿ 12 ಇಂಚಿನ ಮಾರ್ಟರ್ ಮುಖ್ಯವಾದದ್ದು.

ಇಲ್ಲಿ ಪಿಯುಸಿಯ ಪ್ರೊಜೆಕ್ಟೈಲ್ ಮೋಷನ್ ನೆನಪಿಸಿಕೊಳ್ಳಿ. ಗುಂಡು ಹೋಗುವ ದೂರ ಸೈನ್ ಎರಡು ಥೀಟಾವನ್ನು ಅವಲಂಬಿಸುತ್ತದೆ. 45 ಡಿಗ್ರಿಗೆ ಗರಿಷ್ಠ. 70 ಡಿಗ್ರಿಗೆ ಏರಿಸಿದರೆ ಸುಮಾರು 64%ಕ್ಕೆ ಇಳಿಯುತ್ತದೆ. ಈ ಮಾರ್ಟರ್‌ಗಳು ಹೊಡೆಯುತ್ತಿದ್ದದ್ದು ಈ ಎರಡು ಕೋನಗಳ ನಡುವೆಯೇ. ಇನ್ನೂ ಹತ್ತಿರದ ಗುರಿಗೆ ಮದ್ದಿನ ಪ್ರಮಾಣ ಕಡಿಮೆ ಮಾಡುತ್ತಿದ್ದರು. ಸುಮಾರು 320 ಕೆ.ಜಿ. ಗುಂಡು 13 ಕಿ.ಮೀ.ಗೂ ಆಚೆ ಹೋಗುತ್ತಿತ್ತು.

ಸಮಸ್ಯೆ ಇದ್ದದ್ದು ಸಮಯದಲ್ಲಿ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಅಷ್ಟು ದೂರಕ್ಕೆ 50 ಸೆಕೆಂಡಿಗೂ ಹೆಚ್ಚು ಬೇಕು. ಅಷ್ಟರಲ್ಲಿ 15 ನಾಟ್ ವೇಗದ ಹಡಗು 400 ಮೀಟರ್ ಮುಂದೆ ಹೋಗಿರುತ್ತದೆ. ಅದಕ್ಕೇ ದೂರ ದೂರದ ಎರಡು ವೀಕ್ಷಣಾ ಠಾಣೆಗಳಿಂದ ಹಡಗಿನ ಕೋನ ಅಳೆದು, ಪ್ಲಾಟಿಂಗ್ ಬೋರ್ಡ್ ಮೇಲೆ ತ್ರಿಕೋನ ಬಿಡಿಸಿ, ಅದು ಮುಂದೆ ಎಲ್ಲಿರುತ್ತದೆ ಅಂತ ಊಹಿಸುತ್ತಿದ್ದರು. ಹಳ್ಳದಲ್ಲಿ ಕೂತ ಗೋಲಂದಾಜರಿಗೆ ಸಮುದ್ರವೇ ಕಾಣುತ್ತಿರಲಿಲ್ಲ. ಬಂದ ಅಂಕಿಗಳ ಪ್ರಕಾರ ಹೊಡೆಯುವುದಷ್ಟೇ ಅವರ ಕೆಲಸ. ಒಂದೇ ಗುಂಡು ತಾಗುವ ಭರವಸೆ ಇಲ್ಲದ್ದರಿಂದ ಹೆನ್ರಿ ಅಬ್ಬಟ್ ಎಂಬ ಸೇನಾ ಇಂಜಿನಿಯರ್ 16 ಮಾರ್ಟರ್‌ಗಳನ್ನು ನಾಲ್ಕು ಹಳ್ಳಗಳಲ್ಲಿಟ್ಟು ಒಟ್ಟಿಗೆ ಹಾರಿಸುವ ವಿನ್ಯಾಸ ಕೊಟ್ಟ.

ಕೊರೆಗಿಡೋರ್, 1942

ಫಿಲಿಪ್ಪೀನ್ಸ್‌ನ ಮನಿಲಾ ಕೊಲ್ಲಿಯ ಬಾಯಲ್ಲಿ, ಗೊದಮೊಟ್ಟೆಯ ಆಕಾರದ ಪುಟ್ಟ ದ್ವೀಪ ಕೊರೆಗಿಡೋರ್. ಅಮೆರಿಕನ್ನರು ಅಲ್ಲಿ ಕಟ್ಟಿದ ಬ್ಯಾಟರಿಗಳಲ್ಲಿ ಎರಡು ಮಾರ್ಟರ್‌ಗಳವು. ಗಿಯರಿಯಲ್ಲಿ ಎಂಟು, ವೇಯಲ್ಲಿ ನಾಲ್ಕು. 1922ರ ವಾಷಿಂಗ್ಟನ್ ನೌಕಾ ಒಪ್ಪಂದದ ನಂತರ ಅಲ್ಲಿ ಹೊಸ ಕೋಟೆ ಕಟ್ಟುವಂತಿರಲಿಲ್ಲ. ವಿಮಾನಗಳ ಕಾಲ ಬಂದರೂ ಹಳ್ಳಗಳಿಗೆ ಮಾಡಿಲ್ಲದ ಸ್ಥಿತಿ ಹಾಗೇ ಉಳಿಯಿತು.

ಕೊನೆಗೆ ಶತ್ರು ಬಂದದ್ದು ಸಮುದ್ರದ ಕಡೆಯಿಂದಲ್ಲ, ಹತ್ತಿರದ ಬತಾನ್ ನೆಲದ ಕಡೆಯಿಂದ. ದ್ವೀಪದ ದೊಡ್ಡ ಫಿರಂಗಿಗಳಲ್ಲಿ ಹಲವು ಅತ್ತ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ಮಾರ್ಟರ್‌ಗಳು ಸುತ್ತ 360 ಡಿಗ್ರಿ ತಿರುಗುತ್ತಿದ್ದವು. ಹಡಗಿಗಾಗಿ ಹುಟ್ಟಿದ, ಹಳೆಯದಾಗಿ ಹೋಗಿದ್ದ ಯಂತ್ರವೇ ಹೀಗೆ ನೆಲದ ಯುದ್ಧಕ್ಕೆ ಒದಗಿತು. 1942ರ ಜನವರಿ 26ರಂದು ಗಿಯರಿಯ ಮಾರ್ಟರ್‌ಗಳು ಬತಾನ್‌ನಲ್ಲಿ ಇಳಿದಿದ್ದ ಜಪಾನಿ ಪಡೆಯ ಮೇಲೆ ಗುಂಡು ಹಾರಿಸಿದವು. ಆದರೂ ಒಂದು ಕೊರತೆ ಇತ್ತು. ದಾಸ್ತಾನಿನಲ್ಲಿದ್ದ ಗುಂಡುಗಳಲ್ಲಿ ಹೆಚ್ಚಿನವು ಕವಚ ಭೇದಿಸಿ ತಡವಾಗಿ ಸಿಡಿಯುವಂಥವು. ನೆಲಕ್ಕೆ ಬಿದ್ದರೆ ಮಣ್ಣಿನೊಳಗೆ ಹೂತುಹೋಗಿ ಸಿಡಿಯುತ್ತಿದ್ದವು.

ಏಪ್ರಿಲ್ 9ಕ್ಕೆ ಬತಾನ್ ಬಿತ್ತು. ಜಪಾನಿನ 240 ಮಿ.ಮೀ. ಹೊವಿಟ್ಜರ್‌ಗಳು ಅಲ್ಲಿಂದಲೇ ದ್ವೀಪದ ಮೇಲೆ ಗುಂಡು ಸುರಿದವು. ಮೇ 2ರಂದು ಅಂಥ ಒಂದು ಗುಂಡು ಮೇಲಿಂದ ಬಿದ್ದು ಗಿಯರಿಯ ಮದ್ದಿನ ಕೋಣೆಯನ್ನು ಭೇದಿಸಿತು. ಇಡೀ ಬ್ಯಾಟರಿ ಸ್ಫೋಟಗೊಂಡಿತು. ಸುಮಾರು 13 ಟನ್ ತೂಕದ ನಳಿಗೆಗಳು ಆಟಿಕೆಯಂತೆ ಹಾರಿಬಿದ್ದವು, ಅಲ್ಲಿದ್ದ ಹಲವು ಸೈನಿಕರು ಸತ್ತರು. ಹಡಗಿನ ತಲೆ ತೆಳ್ಳಗಿದೆ ಅಂತ ಲೆಕ್ಕ ಹಾಕಿದ್ದವರ ತಲೆಯ ಮೇಲೇ ಅದೇ ಲೆಕ್ಕ ಬಿತ್ತು ನೋಡಿ.

ಉಳಿದದ್ದು ವೇ. ಬಳಕೆಯಲ್ಲಿಲ್ಲದೆ ಬಿದ್ದಿದ್ದ ಈ ಬ್ಯಾಟರಿಯನ್ನು ಏಪ್ರಿಲ್‌ನಲ್ಲಿ ಮೇಜರ್ ವಿಲಿಯಂ ಮಸೆಲ್ಲೋ ಮತ್ತು ಅವರ ಜನ ರಿಪೇರಿ ಮಾಡಿಕೊಂಡಿದ್ದರು. ಇವರು ಮೂಲತಃ ವಿಮಾನ ನಿರೋಧಕ ದಳದವರು, ಮಾರ್ಟರ್ ಕೆಲಸವನ್ನು ಅಲ್ಲೇ ಕಲಿತರು. ಮೇ 5ರ ರಾತ್ರಿ ಜಪಾನಿಯರು ದ್ವೀಪಕ್ಕೆ ಇಳಿದಾಗ ಒಂದೊಂದಾಗಿ ಮಾರ್ಟರ್‌ಗಳು ಕೆಟ್ಟು, ಕೊನೆಗೆ ಒಂದೇ ಉಳಿಯಿತು. ಮಸೆಲ್ಲೋ ಗಾಯಗೊಂಡರು. ಆ ಒಂದು ಮಾರ್ಟರ್ ಬೆಳಗಿನವರೆಗೂ ಹೊಡೆಯುತ್ತಲೇ ಇದ್ದು, ಬ್ರೀಚ್ ಬಿಗಿದುಕೊಂಡ ಮೇಲೆ ನಿಂತಿತು. ಮೇ 6ರ ಮಧ್ಯಾಹ್ನ ಕೊರೆಗಿಡೋರ್ ಶರಣಾಯಿತು.

ವೇಯ ನಾಲ್ಕೂ ಮಾರ್ಟರ್‌ಗಳು ಇಂದಿಗೂ ಅದೇ ಹಳ್ಳದಲ್ಲಿವೆ. ಮೈತುಂಬ ಗುಂಡಿನ ಚೂರು ತಾಗಿದ ಗುರುತು. ಮನಿಲಾದಿಂದ ಬರುವ ಪ್ರವಾಸಿಗರು ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಕಾಯಬೇಕಿದ್ದ ಯುದ್ಧನೌಕೆಗಳ ಕಾಲವೂ ಮುಗಿದುಹೋಗಿದೆ.