ಡೀಸೆಲ್ ಎಸ್‌ಯುವಿ: ಕಡಿಮೆ ಓಡಿದ್ದೇ ಕಾಯಿಲೆ

‘ಸಿಂಗಲ್ ಓನರ್ ಸಾರ್, ಸಿಟಿಯಲ್ಲೇ ಓಡಿರೋದು, ಕಿಲೋಮೀಟರ್ ತುಂಬ ಕಮ್ಮಿ.’ ಹಳೇ ಎಸ್‌ಯುವಿ ಮಾರುವವರ ಈ ಮಾತು ಪೆಟ್ರೋಲ್ ಗಾಡಿಗಾದರೆ ಒಪ್ಪತಕ್ಕದ್ದೇ. 2020ರ ಏಪ್ರಿಲ್ ನಂತರದ, ಬಿಎಸ್6 ಹೊಗೆ ನಿಯಮದ ಡೀಸೆಲ್ ಗಾಡಿಯಾದರೆ ಇದೇ ಮಾತಿಗೆ ಕಿವಿ ನಿಮಿರಬೇಕು. ಪದೇಪದೇ ಹೊತ್ತುವ ಎಚ್ಚರಿಕೆ ದೀಪ, ಕುಂದಿದ ಪಿಕಪ್, ತಾನಾಗಿ ಏರುವ ಆಯಿಲ್ ಮಟ್ಟ – ಕೊಂಡವರ ಈ ಮೂರೂ ದೂರು ಒಟ್ಟಿಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಡಿಪಿಎಫ್, ಅಂದರೆ ಹೊಗೆಯೊಳಗಿನ ಮಸಿ ಹಿಡಿಯುವ ಫಿಲ್ಟರನ್ನು.

ಬಿಎಸ್4 ಕಾಲದಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಉಗುಳಬಹುದಿತ್ತು. ಬಿಎಸ್6 ಅದನ್ನು 4.5ಕ್ಕೆ ಇಳಿಸಿತು. ಅಷ್ಟು ಸೋಸಲು ಹೊಗೆಯ ಹಾದಿಯಲ್ಲೊಂದು ಸೆರಾಮಿಕ್ ದಿಂಡು ಕೂತಿದೆ. ಅದರ ಮುಖ ನೋಡಿದರೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೊಳವೆಗಳು. ಒಂದರ ಬಾಯಿ ಈಚೆ ಮುಚ್ಚಿದ್ದರೆ ಪಕ್ಕದ್ದರದು ಆಚೆ. ಒಳಹೊಕ್ಕ ಹೊಗೆ ನೇರ ದಾಟುವಂತಿಲ್ಲ, ನಡುವಿನ ಸೂಕ್ಷ್ಮರಂಧ್ರಗಳ ಗೋಡೆ ಹಾಯ್ದೇ ಹೋಗಬೇಕು. ಮಸಿ ಗೋಡೆಗೆ ಅಂಟಿ ಉಳಿಯುತ್ತದೆ.

ಉಳಿದದ್ದನ್ನು ಸುಡಲೇಬೇಕು. ಹೆದ್ದಾರಿಯಲ್ಲಿ ಕಾದ ಹೊಗೆಯೇ ಆ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಆ ಬಿಸಿ ಸಿಗುವುದಿಲ್ಲ. ಫಿಲ್ಟರಿನ ಹಿಂದುಮುಂದಿನ ಒತ್ತಡ ಅಳೆಯುವ ಸೆನ್ಸರಿನಿಂದ ಮಸಿ ತುಂಬಿದ್ದು ತಿಳಿದಾಗ ಎಂಜಿನ್ ಕಂಪ್ಯೂಟರ್ ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಅದು ಕ್ಯಾಟಲಿಸ್ಟ್‌ನಲ್ಲಿ ಉರಿದು ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತದೆ. ಗ್ಯಾರೇಜಿನವರು ‘ರೀಜೆನ್’ ಎನ್ನುವುದು ಇದಕ್ಕೇ. ಹತ್ತಿಪ್ಪತ್ತು ನಿಮಿಷದ ಓಟ ಬೇಕು. ಮನೆ ಬಂತೆಂದು ನಡುವೆಯೇ ಎಂಜಿನ್ ಆರಿಸಿದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿ ಪ್ರಯತ್ನದಲ್ಲೂ ಸಿಲಿಂಡರ್ ಗೋಡೆಗೆ ತಗಲಿದ ಒಂದಿಷ್ಟು ಡೀಸೆಲ್ ಜಾರಿ ಆಯಿಲ್ ಸೇರುತ್ತದೆ. ತೆಳುವಾದ ಆಯಿಲ್ ಬೇರಿಂಗು, ಟರ್ಬೊಗಳನ್ನು ಸವೆಸುತ್ತದೆ. ಇನ್ನು ಆಯಿಲಿನ ಲೋಹದಂಶ ಉರಿದು ಉಳಿಯುವ ಬೂದಿಯಂತೂ ಯಾವ ರೀಜೆನ್‌ಗೂ ಹೋಗುವುದಿಲ್ಲ. ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ ಬಿಟ್ಟು ಬೇರೇನೋ ಸುರಿದಿದ್ದರೆ ಫಿಲ್ಟರ್ ಬೇಗ ಕಟ್ಟುತ್ತದೆ.

ಕೊಳ್ಳುವ ಮುನ್ನ ಮೂರು ಪರೀಕ್ಷೆ ಮಾಡಿ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮೇಲಿನ ಗೆರೆ ದಾಟಿ, ಡೀಸೆಲ್ ವಾಸನೆ ಹೊಡೆದರೆ ಹುಷಾರು. ತಣ್ಣಗಾದ ಸೈಲೆನ್ಸರ್ ತುದಿಯೊಳಗೆ ಬೆರಳಾಡಿಸಿ: ಫಿಲ್ಟರ್ ಸರಿಯಿದ್ದರೆ ಬೆರಳು ಹೆಚ್ಚುಕಡಿಮೆ ಸ್ವಚ್ಛ. ದಟ್ಟ ಮಸಿ ಮೆತ್ತಿದರೆ ಅದು ಒಡೆದಿರಬಹುದು, ಇಲ್ಲವೇ ಯಾರೋ ಕಿತ್ತೇ ಹಾಕಿರಬಹುದು. ಹಾಗೆ ಕಿತ್ತ ಗಾಡಿ ಬಿಎಸ್6 ನಿಯಮಕ್ಕೆ ಹೊರಗು. ಕೊನೆಗೆ ಸ್ಕ್ಯಾನರ್ ಹಾಕಿಸಿ, ಮಸಿ ಎಷ್ಟು ತುಂಬಿದೆ, ಹಿಂದಿನ ರೀಜೆನ್ ಯಾವಾಗ ಪೂರ್ತಿಯಾಯಿತು ಎಂದು ಕೇಳಿ.

ಹೆದ್ದಾರಿಯಲ್ಲಿ 1 ಲಕ್ಷ ಕಿಲೋಮೀಟರ್ ಓಡಿ, ಹೊತ್ತುಹೊತ್ತಿಗೆ ಸರ್ವಿಸ್ ಕಂಡ ಗಾಡಿಯ ಫಿಲ್ಟರ್, ಊರೊಳಗೆ 30 ಸಾವಿರ ತೆವಳಿದ ಗಾಡಿಯದಕ್ಕಿಂತ ಗಟ್ಟಿಯಾಗಿರಬಹುದು. ನಿಮ್ಮ ಓಡಾಟವೂ ಶಾಲೆ, ಮಾರ್ಕೆಟ್, ಆಫೀಸಿಗಷ್ಟೇ ಎಂದಾದರೆ ಡೀಸೆಲ್ ಆಸೆ ಬಿಟ್ಟು ಪೆಟ್ರೋಲ್ ಗಾಡಿಯನ್ನೇ ನೋಡಿ.