ಬೇಸಿಗೆಯಲ್ಲಿ ನಮ್ಮ ಮನೆ

2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಇಂತಹ ಬಿಸಿಲಿಗೆ ಹೊರಗೆ ಹೋಗದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಆದರೆ ಬಿಸಿಲು ನಲ್ಲಿಯಿಂದಲೂ ಒಳಗೆ ಬರುತ್ತದೆ!

ತಾರಸಿಯ ಟ್ಯಾಂಕ್ ಹಗಲೆಲ್ಲ ಕಾಯುವುದರಿಂದ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ. ಅದಕ್ಕೇ ಅನೇಕರು ಗೀಸರ್ ಆರಿಸಿ, ಅದರೊಳಗೆ ತಣಿದ ನೀರನ್ನು ಸ್ನಾನಕ್ಕೆ ಬಳಸುತ್ತಾರೆ. ಉಪಾಯ ಜಾಣತನದ್ದೇ. ಆದರೆ ಗೀಸರಿನಿಂದ ನೀರು ಖಾಲಿಯಾದಷ್ಟೂ ಟ್ಯಾಂಕಿನ ಬಿಸಿನೀರು ಅದಕ್ಕೆ ತುಂಬಿಕೊಳ್ಳುತ್ತದೆ. ಒಂದೆರಡು ಬಕೆಟ್ ಆದಮೇಲೆ ಅಲ್ಲಿಯೂ ಬಿಸಿ. ಆದ್ದರಿಂದ ಪುಟ್ಟ ಮಕ್ಕಳನ್ನು ನೇರವಾಗಿ ಷವರ್ ಕೆಳಗೆ ನಿಲ್ಲಿಸಬೇಡಿ. ಬಕೆಟ್ ತುಂಬಿಸಿ, ಮೊಣಕೈ ಅದ್ದಿ ನೋಡಿ.

ಅಡುಗೆಮನೆಯಲ್ಲಿ ಕೈ ಸುಟ್ಟರೂ ಇದೇ ತೊಂದರೆ. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಸಬೇಕು, ನಲ್ಲಿಯಲ್ಲಿ ಅದಿಲ್ಲ! ಕುಡಿಯುವ ನೀರಿನ ಬಾಟಲಿಗಳನ್ನೇ ಬಳಸಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ ಬೇಡ. ಅಜ್ಜಿ ಹೇಳಿದ್ದರೂ ಬೇಡ.

ಇನ್ನು ಗ್ಯಾಸ್. ಎ.ಸಿ.ಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿರುತ್ತೇವೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹರಡಿ ಅಲ್ಲೇ ನಿಲ್ಲುತ್ತದೆ. ವಾಸನೆ ಬಂದಾಗ ಎಕ್ಸಾಸ್ಟ್ ಫ್ಯಾನ್ ಹಾಕಲು ಕೈ ಹೋಗುವುದು ಸಹಜ. ಹಾಕಬೇಡಿ. ಉರಿಯುತ್ತಿರುವ ದೀಪವನ್ನು ಆರಿಸಲೂ ಬೇಡಿ. ಸ್ವಿಚ್ಚಿನ ಸಣ್ಣ ಕಿಡಿಯೇ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬನ್ನಿ. ದೂರ ಬಂದಮೇಲೆ 112ಕ್ಕೆ ಫೋನ್ ಮಾಡಿ.

ಮಕ್ಕಳೇ, ರಜೆಗೆ ಊರಿಗೆ ಹೊರಡುವ ದಿನ ಅಪ್ಪ ಅಮ್ಮ ಪೆಟ್ಟಿಗೆ ತೂಗುವ ಗಡಿಬಿಡಿಯಲ್ಲಿರುತ್ತಾರೆ. ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡುವ ಕೆಲಸ ನಿಮ್ಮದು.